ಜ್ವರದ ಚೀಟಿಯಲ್ಲಿ ಕಸುಬಿನ ಹೆಸರೂ ಇರಲಿ

ನಮಗೆ ಪರಿಚಯದ ಆಡಿನ ವ್ಯಾಪಾರಿಯೊಬ್ಬರಿದ್ದಾರೆ. ಹೆಸರು ಬೇಡ. ಬಕ್ರೀದ್ ಪೆರ್ನಾಲ್‌ಗೆ ಎರಡು ತಿಂಗಳು ಇರುವಾಗಲೇ ಘಟ್ಟ ಹತ್ತಿ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹೋಗಿ, ಸಂತೆ ಸುತ್ತಿ, ಲಾರಿ ತುಂಬಿಸಿಕೊಂಡು ಬರುವುದು ಅವರ ಹಲವು ವರ್ಷಗಳ ರೂಢಿ. ಒಂದು ಸಲ ದಾರಿಯಲ್ಲಿ ಲಾರಿಯೊಳಗೇ ಒಂದು ಆಡು ದಿನ ತುಂಬುವ ಮೊದಲೇ ಮರಿ ಹಾಕಿತು. ಸತ್ತ ಮರಿಯನ್ನೂ ಮಾಸನ್ನೂ ಬರಿಗೈಯಲ್ಲೇ ಎಳೆದು ಹೊರಗೆ ಹಾಕಿ, ಬಾಟಲಿ ನೀರಲ್ಲಿ ಕೈ ತೊಳೆದುಕೊಂಡು ಬಂದರು. ಅದೇನೂ ಅವರಿಗೆ ಹೊಸತಲ್ಲ.

ಪೆರ್ನಾಲ್ ಮುಗಿದ ಮೇಲೆ ಜ್ವರ ಶುರುವಾಯಿತು. ಸಂಜೆಗೆ ಏರುವುದು, ರಾತ್ರಿ ಅಂಗಿ ಹಿಂಡುವಷ್ಟು ಬೆವರುವುದು, ಬೆಳಿಗ್ಗೆ ಏನೂ ಇಲ್ಲದವರ ಹಾಗೆ ಎದ್ದು ಕೂರುವುದು. ಒಂದು ಕಡೆ ಟೈಫಾಯ್ಡ್ ಅಂದರು, ಮದ್ದು ಕೊಟ್ಟರು, ಇಳಿಯಿತು. ಮೂರು ವಾರಕ್ಕೆ ಮತ್ತೆ ಬಂತು. ಆಮೇಲೆ ಸೊಂಟ ನೋವು. ಇನ್ನೊಂದು ಕಡೆ ಬೆನ್ನುಮೂಳೆಯ ಟಿ.ಬಿ. ಇರಬಹುದು ಎಂದರು. ಸ್ಕ್ಯಾನಿಂಗ್, ರಕ್ತ, ಮತ್ತೆ ಸ್ಕ್ಯಾನಿಂಗ್. ಎಂಟು ತಿಂಗಳು ಹೀಗೆ ಕಳೆಯಿತು. ಲಾರಿಯಲ್ಲಿದ್ದ ಪಾಲನ್ನು ಮಾರಿದರು. ಕೊನೆಗೆ ವಯಸ್ಸಾದ ಡಾಕ್ಟರೊಬ್ಬರು ಫೈಲು ಮುಚ್ಚಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮದು ಕೆಲಸ ಎಂತ?"

ಆ ಪ್ರಶ್ನೆಯ ಮರುದಿನವೇ ಒಂದು ರಕ್ತ ಪರೀಕ್ಷೆ ಆಯಿತು. ರೋಗದ ಹೆಸರು ಗೊತ್ತಾಯಿತು: ಬ್ರುಸೆಲ್ಲೋಸಿಸ್. ಆರು ವಾರದ ಮಾತ್ರೆಯಲ್ಲಿ ಜ್ವರ ಹೋಯಿತು. ಹೋದ ಎಂಟು ತಿಂಗಳು, ಲಾರಿಯ ಪಾಲು ಮಾತ್ರ ವಾಪಸು ಬರಲಿಲ್ಲ.

ಈ ವಾರ ನಾವು ಹೇಳಬೇಕಾದ್ದು ಇಷ್ಟೇ. ಪ್ರಾಣಿಗಳ ಜೊತೆ ದುಡಿಯುವವರಿಗೆ ಜ್ವರ ಬಂದಾಗ ಕೆಲಸ ಏನು ಎಂದು ಡಾಕ್ಟರು ಕೇಳಬೇಕು. ಕೇಳದಿದ್ದರೆ ನಾವೇ ಹೇಳಬೇಕು. ಸಣ್ಣ ಮಾತು ಅನಿಸಬಹುದು. ಆದರೆ ಎಷ್ಟೋ ಮನೆಗಳ ಅನ್ನ ಈ ಮಾತಿನ ಮೇಲೆ ನಿಂತಿದೆ.

ಬ್ರುಸೆಲ್ಲೋಸಿಸ್ ಹೊಸ ರೋಗವೇನಲ್ಲ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ಬಿಡದ ಜ್ವರದಿಂದ ಸಾಯುತ್ತಿದ್ದಾಗ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಅದರ ರೋಗಾಣುವನ್ನು ಕಂಡುಹಿಡಿದರು. ಅದು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಇನ್ನೂ 18 ವರ್ಷ ಬೇಕಾಯಿತು. 1905ರಲ್ಲಿ ಮಾಲ್ಟಾದವರೇ ಆದ ಡಾ. ಥೆಮಿಸ್ಟೊಕ್ಲಿಸ್ ಝಾಮಿಟ್ ಆಡುಗಳ ರಕ್ತ ಪರೀಕ್ಷಿಸಿ ನೋಡಿದರು. ನೋಡಲಿಕ್ಕೆ ಗಟ್ಟಿಮುಟ್ಟಾಗಿದ್ದ ಆಡುಗಳೇ ರೋಗ ಹೊತ್ತಿದ್ದವು. ಸೈನಿಕರು ಅವುಗಳ ಹಸಿ ಹಾಲು ಕುಡಿಯುತ್ತಿದ್ದರು. ಆ ಪಾಠ ಇವತ್ತಿಗೂ ಹಾಗೇ ಇದೆ: ಪ್ರಾಣಿ ಚೆನ್ನಾಗಿ ಕಂಡರೆ ರೋಗ ಇಲ್ಲ ಎಂದಲ್ಲ.

ನಮ್ಮ ರಾಜ್ಯದ ರೈತರು ಇದನ್ನು ಕಂದು ರೋಗ ಎನ್ನುತ್ತಾರೆ. ಗಬ್ಬದ ಹಸು, ಎಮ್ಮೆ, ಕುರಿ, ಆಡು ಕಂದು ಹಾಕುವುದು, ಅಂದರೆ ಅವಧಿಗೆ ಮೊದಲೇ ಸತ್ತ ಮರಿ ಹಾಕುವುದೇ ಇದರ ದೊಡ್ಡ ಗುರುತು. ಹಾಗೆ ಬಿದ್ದ ಮರಿ, ಮಾಸು, ಜೊತೆಗೆ ಹರಿಯುವ ನೀರು, ಇವುಗಳಲ್ಲಿ ರೋಗಾಣು ತುಂಬಿಕೊಂಡಿರುತ್ತದೆ. ಕೈಯಲ್ಲಿ ಒಂದು ಸಣ್ಣ ಗೀರು ಇದ್ದರೂ ಸಾಕು, ಒಳಗೆ ಹೋಗುತ್ತದೆ. ಕಣ್ಣಿಗೆ ಸಿಡಿದರೂ, ಉಸಿರಿನ ಮೂಲಕವೂ ಹೋಗಬಹುದು. ಕಾಯಿಸದ ಹಾಲಿನಿಂದಲೂ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಬರುವುದು ಬಹಳ ಅಪರೂಪ. ಆದ್ದರಿಂದ ಇದು ಕೆಲಸದ ರೋಗ. ಕುರಿ ಕಾಯುವವರು, ಹಾಲು ಕರೆಯುವವರು, ವ್ಯಾಪಾರಿಗಳು, ಲಾರಿಯವರು, ಕಸಾಯಿ ಕೆಲಸದವರು, ಚರ್ಮಕ್ಕೆ ಉಪ್ಪು ಹಾಕುವವರು, ಪಶುವೈದ್ಯರು ಮತ್ತು ಅವರ ಸಹಾಯಕರು, ಎಲ್ಲರೂ ಇದರ ದಾರಿಯಲ್ಲಿದ್ದಾರೆ. ಕರುಗಳಿಗೆ ಹಾಕುವ ಲಸಿಕೆಯೇ ಜೀವಂತ ರೋಗಾಣುವಿನದ್ದು. ಸೂಜಿ ತಪ್ಪಿ ಕೈಗೆ ಚುಚ್ಚಿ ಪಶುವೈದ್ಯರಿಗೇ ರೋಗ ಬಂದದ್ದುಂಟು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಹೆಸರನ್ನು ನಾವು ಸುಮ್ಮನೆ ಎತ್ತಿಲ್ಲ. ಘಟಪ್ರಭೆ ಮತ್ತು ಹಿರಣ್ಯಕೇಶಿಯ ನೀರು, ಹಿಡಕಲ್ ಅಣೆಕಟ್ಟಿನ ಕಾಲುವೆ, ಕಬ್ಬು, ಗೋವಿನಜೋಳ ಇರುವ ಸೀಮೆ ಅದು. ನೀರು ಇದ್ದಲ್ಲಿ ಮೇವು, ಮೇವು ಇದ್ದಲ್ಲಿ ಎಮ್ಮೆ. ಇನ್ನೊಂದು ಕಡೆ ಹಿಂಡು ಕಟ್ಟಿಕೊಂಡು ಊರೂರು ತಿರುಗುವ ಕುರಿಗಾರರು. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ನಿಲ್ಲಿಸುತ್ತಾರೆ. ಕುರಿಗಾರ ಅಲ್ಲೇ, ಹಿಂಡಿನ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುತ್ತಾನೆ. ನಡುರಾತ್ರಿ ಕುರಿ ಈದರೆ ಮರಿ ಎಳೆಯುವವನೂ ಅವನೇ. ಕೈಗವಸು ಎಲ್ಲಿಂದ ಬರಬೇಕು? ಸೋಪು ಎಲ್ಲಿ? ಅವನಿಗೆ ಜ್ವರ ಬಂದು "ಮೈ ಕೈ ಬ್ಯಾನಿ ಬಿಡವಲ್ದ್ರೀ" ಎಂದು ಆಸ್ಪತ್ರೆಗೆ ಹೋದರೆ, ನೋವಿನ ಮಾತ್ರೆ ಕೊಟ್ಟು ಕಳಿಸುವುದೇ ಹೆಚ್ಚು. ನಾಳೆ ಬಾ ಎಂದರೆ ನಾಳೆ ಅವನ ಹಿಂಡು ಇನ್ನೊಂದು ಊರಲ್ಲಿರುತ್ತದೆ.

ಆ ಹಿಂಡಿನ ಆಡು ಕುರಿಗಳು ಸಂತೆಗೆ ಬರುತ್ತವೆ, ಸಂತೆಯಿಂದ ಲಾರಿ ಹತ್ತಿ ನಮ್ಮ ಕರಾವಳಿಗೂ ಬರುತ್ತವೆ. ಅಲ್ಲಿನ ಕುರಿಗಾರನ ಜ್ವರಕ್ಕೂ ಇಲ್ಲಿನ ಬ್ಯಾರಿ ವ್ಯಾಪಾರಿಯ ಜ್ವರಕ್ಕೂ ಮೂಲ ಒಂದೇ. ರೋಗಾಣು ಮೈ ಸೇರಿ ಜ್ವರ ಕಾಣಿಸಲು ಒಂದರಿಂದ ನಾಲ್ಕು ವಾರ, ಕೆಲವೊಮ್ಮೆ ತಿಂಗಳುಗಳೇ ಬೇಕು. ಸಂತೆಯಲ್ಲಿ ತಗಲಿದ್ದು ಮನೆಯಲ್ಲಿ ಏಳುತ್ತದೆ. ಅಷ್ಟರಲ್ಲಿ ಲಾರಿಯೊಳಗೆ ನಡೆದದ್ದನ್ನು ನಾವೂ ಮರೆತಿರುತ್ತೇವೆ.

ಹುಡುಕಿದರೆ ಸಿಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಉಂಟು. ಬೆಳಗಾವಿಯ ಪಕ್ಕದ ವಿಜಯಪುರದಲ್ಲಿ ವೈದ್ಯಕೀಯ ಕಾಲೇಜಿನ ಸೂಕ್ಷ್ಮಾಣುಜೀವಿ ತಜ್ಞ ಡಾ. ಬಿ.ಜಿ. ಮಂಟೂರ ಮತ್ತು ಸಂಗಡಿಗರು 16 ವರ್ಷ ಬಿಡದೆ ಈ ರೋಗಕ್ಕಾಗಿ ರಕ್ತ ಪರೀಕ್ಷೆ ಮಾಡುತ್ತಾ ಬಂದರು. 495 ಮಂದಿ ದೊಡ್ಡವರಲ್ಲಿ ಬ್ರುಸೆಲ್ಲೋಸಿಸ್ ಪತ್ತೆಯಾಯಿತು. ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ನೋಡಿದಾಗ 93 ಮಕ್ಕಳಲ್ಲಿ ಸಿಕ್ಕಿತು. 2004 ಮತ್ತು 2006ರಲ್ಲೇ ಇದು ಪ್ರಕಟವಾಗಿದೆ. ಒಂದೇ ಊರಿನ ಒಂದು ಪ್ರಯೋಗಾಲಯ ಮನಸ್ಸಿಟ್ಟು ನೋಡಿದ್ದಕ್ಕೆ ಇಷ್ಟು ಜನ ಸಿಕ್ಕಿದರು. ನೋಡದ ಊರುಗಳಲ್ಲಿ ಇವರೆಲ್ಲ ಯಾವ ಹೆಸರಿನಲ್ಲಿ ಮದ್ದು ತಿನ್ನುತ್ತಿದ್ದಾರೆ? ಟೈಫಾಯ್ಡ್, ವಾತ, ಸೊಂಟ ನೋವು, ಟಿ.ಬಿ., "ವೈರಲ್" ಎಂಬ ಹೆಸರುಗಳಲ್ಲಿ.

ತಪ್ಪು ಹೆಸರಿನಿಂದ ಆಗುವ ನಷ್ಟ ಹಣದ್ದು ಮಾತ್ರವಲ್ಲ. ಚಿಕಿತ್ಸೆ ತಡವಾದರೆ ರೋಗ ಬೆನ್ನುಮೂಳೆಯಲ್ಲಿ, ಕೀಲುಗಳಲ್ಲಿ ಕೂರುತ್ತದೆ. ಗಂಡಸರಿಗೆ ವೃಷಣ ಊದಿಕೊಳ್ಳುತ್ತದೆ, ನಾಚಿಕೆಯಿಂದ ಅದನ್ನು ಯಾರಿಗೂ ಹೇಳುವುದಿಲ್ಲ. ಬಸುರಿಯರಿಗೆ ಗರ್ಭಪಾತವಾಗುವ ಅಪಾಯವಿದೆ. ಹೃದಯಕ್ಕೆ ಹೋದರೆ ಜೀವಕ್ಕೇ ಅಪಾಯ. ಸರಿಯಾಗಿ ಗುರುತಿಸಿದರೆ ಮದ್ದು ದುಬಾರಿಯದ್ದಲ್ಲ: ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧ, ಕನಿಷ್ಠ ಆರು ವಾರ. ಹತ್ತು ದಿನಕ್ಕೆ ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದರೆ ರೋಗ ಮತ್ತೆ ಏಳುತ್ತದೆ. ಆರು ವಾರ ಎಂದರೆ ಆರು ವಾರ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ನುಂಗುವ ಮದ್ದು ಇದಲ್ಲ, ಡಾಕ್ಟರ ಕೈಯಲ್ಲೇ ಆಗಬೇಕು.

ನಮ್ಮ ಭಯಕ್ಕೂ ನಿಜವಾದ ಅಪಾಯಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. 2022ರಲ್ಲಿ ಜಾನುವಾರುಗಳಿಗೆ ಚರ್ಮಗಂಟು ರೋಗ ಬಂದಾಗ ಮೈತುಂಬ ಗಂಟು ಎದ್ದ ದನಗಳನ್ನು ನೋಡಿ ಹಾಲು ಕುಡಿಯಬಹುದೋ ಬೇಡವೋ ಎಂದು ಜನ ಹೆದರಿದರು. ಆ ರೋಗ ಮನುಷ್ಯರಿಗೆ ಬರುವುದೇ ಇಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತವು. ಗಳಲೆ ರೋಗ ಎಂದು ಗೊತ್ತಾಯಿತು. ಅದು ಕೂಡ ಮನುಷ್ಯರಿಗೆ ಸುಲಭವಾಗಿ ಬರುವ ರೋಗವಲ್ಲ. ಆದರೆ ಕಾರಣ ತಿಳಿಯುವ ಮೊದಲೇ ಆ ಕಳೇಬರಗಳನ್ನು ಎತ್ತಿ ಸಾಗಿಸಬೇಕಾದದ್ದು ಕೆಲಸಗಾರರೇ ಅಲ್ಲವೇ? ಮೃಗಗಳ ಲೆಕ್ಕ ನಮಗೆಲ್ಲ ಬಾಯಿಪಾಠವಾಯಿತು. ಎತ್ತಿದ ಕೈಗಳ ಬಗ್ಗೆ ನಮ್ಮಲ್ಲಿ ಎಷ್ಟು ಮಂದಿ ಕೇಳಿದೆವು? ಇನ್ನೊಂದು ಕಡೆ, ಕಣ್ಣಿಗೆ ಕಾಣುವ ಗುರುತೇ ಇಲ್ಲದ ಕಂದು ರೋಗ ಸದ್ದಿಲ್ಲದೆ ಓಡಾಡುತ್ತಿರುತ್ತದೆ.

ಕೆಲಸದಿಂದ ರೋಗ ಬರುತ್ತದೆ ಎಂಬ ಪಾಠವನ್ನು ಕರಾವಳಿಯವರಾದ ನಾವು ಬೇರೆ ರೀತಿಯಲ್ಲೂ ಕಲಿತಿದ್ದೇವೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿಗೆ ಬಂತು. ಗೇರು ತೋಟಕ್ಕಾಗಿ ಕಾಡು ಕಡಿದ ಜಾಗದಲ್ಲಿ ಉಣ್ಣಿ ಕಚ್ಚಿ ಬಹಳ ಮಂದಿ ಹಾಸಿಗೆ ಹಿಡಿದರು, ಎಷ್ಟೋ ಜನ ತೀರಿಹೋದರು. ಹಿರಿಯರಿಗೆ ಈಗಲೂ ನೆನಪಿರಬಹುದು. ಗಲ್ಫಿನಲ್ಲಿರುವ ನಮ್ಮ ಮಕ್ಕಳಿಗೂ ಇದು ದೂರದ ಮಾತಲ್ಲ. ಒಂಟೆಯ ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್ ಬರುತ್ತದೆ. 2012ರಲ್ಲಿ ಸೌದಿಯಲ್ಲಿ ಮೊದಲು ಪತ್ತೆಯಾದ ಮರ್ಸ್ ವೈರಸ್ ಕೂಡ ಒಂಟೆಯಿಂದ ಬರುವುದೇ. ಮಝ್ರಾದಲ್ಲಿ ದುಡಿಯುವ ಹುಡುಗ ರಜೆಯಲ್ಲಿ ಊರಿಗೆ ಬಂದು ಜ್ವರ ಎಂದು ಮಲಗಿದರೆ, ಅಲ್ಲಿ ಏನು ಕೆಲಸ ಮಾಡುತ್ತಿದ್ದ ಎಂದು ಡಾಕ್ಟರಿಗೆ ಹೇಳಲೇಬೇಕು.

ಪ್ರಾಣಿಯಿಂದ ಬರುವ ರೋಗ ಇದೊಂದೇ ಅಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪೇಟೆಯೊಳಗೆ ನೀರು ನುಗ್ಗಿದ್ದನ್ನು ಟಿ.ವಿ.ಯಲ್ಲಿ ನೋಡಿದ್ದೇವೆ. ಅಂಥ ನೀರಿನಲ್ಲಿ, ಕೊಟ್ಟಿಗೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಇಲಿ ಜ್ವರದ ಅಪಾಯವಿದೆ. ಇಲಿಯ ಮೂತ್ರದಿಂದ ಮಾತ್ರವಲ್ಲ, ದನದ ಮೂತ್ರದಿಂದಲೂ ಅದು ಬರುತ್ತದೆ. ಹಠಾತ್ತಾಗಿ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಸುವ ಪ್ರಾಣಿಗೆ ಆಂಥ್ರಾಕ್ಸ್ ಆಗಿರಬಹುದು. ಅದನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಪಶುವೈದ್ಯರನ್ನು ಕರೆಯಬೇಕು. ಹುಚ್ಚುನಾಯಿ ಕಚ್ಚಿದ ದನದ ಬಾಯಿಗೆ ಕೈ ಹಾಕಿದವರು ಕೂಡಲೇ ಸೋಪು ನೀರಲ್ಲಿ ಚೆನ್ನಾಗಿ ತೊಳೆದು ರೇಬೀಸ್ ಚುಚ್ಚುಮದ್ದಿಗೆ ಹೋಗಬೇಕು. ರೋಗ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ.

ಈಗ ಸರಕಾರದ ಮಾತು. 2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ಪ್ರಧಾನಿಯವರು ಜಾನುವಾರು ರೋಗ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟರು. ಕಾಲುಬಾಯಿ ರೋಗ ಮತ್ತು ಬ್ರುಸೆಲ್ಲೋಸಿಸ್ ಎರಡಕ್ಕೂ ಸೇರಿ ಐದು ವರ್ಷಕ್ಕೆ 13,343 ಕೋಟಿ ರೂಪಾಯಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಂದು ಸಲ ಬ್ರುಸೆಲ್ಲಾ ಲಸಿಕೆ ಹಾಕಿಸುವುದು ಅದರ ಭಾಗ. ಒಳ್ಳೆಯದೇ. ಎಮ್ಮೆ, ಹಸು ಸಾಕುವವರು ಇದನ್ನು ತಪ್ಪಿಸಬಾರದು. ಆದರೆ ಆ ಲಸಿಕೆ ಇರುವುದು ಹಸು, ಎಮ್ಮೆಯ ಕರುಗಳಿಗೆ. ಮನುಷ್ಯರಲ್ಲಿ ಹೆಚ್ಚು ಜೋರಾಗಿ ಕಾಡುವುದು ಆಡು ಕುರಿಗಳಿಂದ ಬರುವ ಬಗೆ. ಮನುಷ್ಯರಿಗಂತೂ ಲಸಿಕೆಯೇ ಇಲ್ಲ. ಹಾಗಿರುವಾಗ ಅವರಿಗೆ ಉಳಿದ ರಕ್ಷಣೆ ಎರಡೇ: ಮುಟ್ಟುವಾಗ ಎಚ್ಚರ, ಜ್ವರ ಬಂದಾಗ ಬೇಗ ಪತ್ತೆ.

ಕಾನೂನಿಗೂ ಇದು ಗೊತ್ತಿಲ್ಲದ್ದಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯೇ, ಪ್ರಾಣಿಗಳನ್ನು, ಅವುಗಳ ಕಳೇಬರವನ್ನು ಮುಟ್ಟುವ ಕೆಲಸದಿಂದ ಬರುವ ಸೋಂಕನ್ನು ಔದ್ಯೋಗಿಕ ರೋಗವೆಂದು ಒಪ್ಪಿಕೊಂಡಿತ್ತು. ಆದರೆ ಪರಿಹಾರ ಕೇಳಬೇಕಾದರೆ ಯಜಮಾನ ಬೇಕು, ಹಾಜರಿ ಪುಸ್ತಕ ಬೇಕು, ರೋಗದ ಹೆಸರು ಬರೆದ ಚೀಟಿ ಬೇಕು. ದಿನಗೂಲಿಗೆ ಕೊಯ್ಯುವವನಿಗೆ, ಕುರಿಗಾರನಿಗೆ, ಸಂತೆ ಸುತ್ತುವ ವ್ಯಾಪಾರಿಗೆ ಮೊದಲಿನೆರಡೂ ಇಲ್ಲ. ಮೂರನೆಯದ್ದಾದರೂ ಸಿಗಲಿ ಎಂಬುದು ನಮ್ಮ ಬೇಡಿಕೆ.

ಕೇಳುವುದು ಹೆಚ್ಚಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸರಕಾರಿ ಆಸ್ಪತ್ರೆಗಳಲ್ಲಿ, ನಮ್ಮ ಜಿಲ್ಲೆಯ ತಾಲೂಕು ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿಯ ಮೇಲೆ ಹೆಸರು, ವಯಸ್ಸಿನ ಜೊತೆ ಕೆಲಸದ ಹೆಸರನ್ನೂ ಬರೆಯಲಿ. ಎರಡು ವಾರ ದಾಟಿದ ಜ್ವರಕ್ಕೆ, ಪ್ರಾಣಿಗಳ ಜೊತೆ ಕೆಲಸ ಮಾಡುವವರಾದರೆ, ಬ್ರುಸೆಲ್ಲಾ ಪರೀಕ್ಷೆ ಮಾಡಲಿ. ಮೊದಲ ಹಂತದ ರೋಸ್ ಬೆಂಗಾಲ್ ಪರೀಕ್ಷೆ ಒಂದು ಹನಿ ಸೀರಮ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುವಂಥದ್ದು. ಆರೋಗ್ಯ ಇಲಾಖೆಯೂ ಪಶುಪಾಲನಾ ಇಲಾಖೆಯೂ ಒಟ್ಟಾಗಿ ಜಾನುವಾರು ಸಂತೆಯ ದಿನವೇ ಒಂದು ಮೇಜು ಹಾಕಿ ಕೂರಲಿ. ಊರೂರು ತಿರುಗುವ ಕುರಿಗಾರ ಆಸ್ಪತ್ರೆಗೆ ಬರಲಾರ, ಸಂತೆಗೆ ಬಂದೇ ಬರುತ್ತಾನೆ. ಕಸಾಯಿಖಾನೆ ಮತ್ತು ಮಾಂಸದ ಅಂಗಡಿಗಳಿಗೆ ಲೈಸನ್ಸ್ ಕೊಡುವ ಸ್ಥಳೀಯ ಸಂಸ್ಥೆಗಳು ಶುಲ್ಕ ತೆಗೆದುಕೊಂಡ ಮೇಲೆ ಹರಿಯುವ ನೀರು, ಸೋಪು, ಚರಂಡಿಯನ್ನಾದರೂ ಕೊಡಲಿ.

ಇಲ್ಲಿ ಒಂದು ಮುಳ್ಳಿನ ವಿಷಯವೂ ಉಂಟು. ಇದನ್ನು ಬರೆಯುವಾಗ ನಮಗೂ ಸ್ವಲ್ಪ ಅಳುಕಾಯಿತು. ಕೊರೋನ ಕಾಲದಲ್ಲಿ ರೋಗವನ್ನು ಒಂದು ಸಮುದಾಯದ ಹೆಗಲಿಗೆ ಕಟ್ಟಿದ್ದನ್ನು ನಾವು ಮರೆತಿಲ್ಲ. ನಾಳೆ "ಆಡಿನ ವ್ಯಾಪಾರಿಗಳಿಂದ ರೋಗ" ಎಂದು ಯಾರಾದರೂ ತಿರುಚಿದರೆ? ಆದ್ದರಿಂದ ಬಿಡಿಸಿ ಹೇಳುತ್ತೇವೆ. ಇದು ಯಾವ ಜಾತಿಯ, ಯಾವ ಧರ್ಮದ ರೋಗವೂ ಅಲ್ಲ. ಕುರುಬರ ಹಿಂಡಿನಲ್ಲೂ, ಗೌಡರ ಕೊಟ್ಟಿಗೆಯಲ್ಲೂ, ಪಶುವೈದ್ಯರ ಕೈಯಲ್ಲೂ ಇರಬಹುದಾದ ರೋಗ. ಚೆನ್ನಾಗಿ ಬೇಯಿಸಿದ ಮಾಂಸದಿಂದ, ಕಾಯಿಸಿದ ಅಥವಾ ಪಾಶ್ಚರೀಕರಿಸಿದ ಹಾಲಿನಿಂದ ಇದು ಬರುವುದಿಲ್ಲ. ತಿನ್ನುವವರಿಗಿಂತ ಹೆಚ್ಚಿನ ಅಪಾಯ ಇರುವುದು ದುಡಿಯುವವರಿಗೆ. ಮರೆಮಾಚಿದರೆ ಕಸುಬಿನ ಮರ್ಯಾದೆ ಉಳಿಯುವುದಿಲ್ಲ, ಕಸುಬಿನವರ ಆರೋಗ್ಯ ಕೆಡುತ್ತದೆ ಅಷ್ಟೇ. ಹೊಸ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ಕೆಲವರಿಗೆ ತಮ್ಮ ಕೆಲಸ ಏನೆಂದು ಹೇಳಲಿಕ್ಕೇ ಹೆದರಿಕೆ. ಬೇರೆಲ್ಲಿ ಹೇಗೋ, ಡಾಕ್ಟರ ಎದುರು ಮಾತ್ರ ಆ ಹೆದರಿಕೆ ಇಟ್ಟುಕೊಳ್ಳಬೇಡಿ. ಡಾಕ್ಟರು ಕೇಳುವುದು ನಿಮ್ಮ ಜ್ವರದ ದಾರಿಯನ್ನು, ಲಾರಿಯ ಕಾಗದವನ್ನಲ್ಲ.

ಇನ್ನು ನಮ್ಮ ಮನೆಯೊಳಗಿನ ಮಾತು. ಪೆರ್ನಾಲ್ ದಿನ ಗಂಡಸರು ಕೊಯ್ದು ಎದ್ದು ಹೋಗುತ್ತಾರೆ. ಬೋಟಿ ತೊಳೆಯುವುದು, ತಲೆ ಕಾಲು ಚೊಕ್ಕ ಮಾಡುವುದು, ರಕ್ತದ ಬಟ್ಟೆ ಒಗೆಯುವುದು ಉಮ್ಮಂದಿರು, ತಾತಂದಿರು. ಅವರ ಕೈಗೆ ಗವಸು ಬೇಡವೇ? ಐವತ್ತು ನೂರು ರೂಪಾಯಿಯ ರಬ್ಬರ್ ಕೈಗವಸು ತರಲಿಕ್ಕೆ ನಮಗೆ ಯಾಕೆ ನೆನಪಾಗುವುದಿಲ್ಲ? ಕೈಯಲ್ಲಿ ಗಾಯ ಇದ್ದರೆ ಮುಚ್ಚಿಕೊಳ್ಳಿ. ಬಸುರಿ ಹೆಂಗಸರನ್ನು ಈ ಕೆಲಸಕ್ಕೆ ಕೂರಿಸಬೇಡಿ. ಹಸಿ ಮಾಂಸ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ, ಮಕ್ಕಳನ್ನು ಎತ್ತಿಕೊಳ್ಳಬೇಡಿ. ಫ್ರಿಜ್‌ನಲ್ಲಿ ಇಟ್ಟ ಮಾತ್ರಕ್ಕೆ ಈ ರೋಗಾಣು ಸಾಯುವುದಿಲ್ಲ, ಬೇಯಬೇಕು. ಮನೆಯಲ್ಲಿ ಆಡು ಸಾಕಿದವರು, ಅದು ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟದೆ, ನಾಯಿಗೆ ಎಸೆಯದೆ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿರಿ. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಸೇವೆ ಇದೆ. "ಹಸಿ ಹಾಲು ಶಕ್ತಿ" ಎಂದು ಮಕ್ಕಳಿಗೆ ಕುಡಿಸುವ ರೂಢಿ ಎಲ್ಲಿದ್ದರೂ ಇವತ್ತೇ ನಿಲ್ಲಲಿ.

ಜಮಾಅತ್ ಕಮಿಟಿಗಳಿಗೂ ಒಂದು ವಿನಂತಿ. ಪೆರ್ನಾಲ್ ಮುಂಚಿನ ಜುಮಾದ ದಿನ ಚರ್ಮ ಎಲ್ಲಿ ಕೊಡಬೇಕು, ತ್ಯಾಜ್ಯ ಎಲ್ಲಿ ಹಾಕಬೇಕು ಎಂದು ಪ್ರಕಟಣೆ ಓದುತ್ತೀರಿ. ಅದರ ಜೊತೆ ಎರಡು ವಾಕ್ಯ ಸೇರಿಸಿ: ಕೈಗವಸು ಹಾಕಿಕೊಳ್ಳಿ, ಮುಂದಿನ ತಿಂಗಳುಗಳಲ್ಲಿ ಬಿಡದ ಜ್ವರ ಬಂದರೆ ಡಾಕ್ಟರಿಗೆ ಈ ಕೆಲಸ ಮಾಡಿದ್ದನ್ನು ಹೇಳಿ. ಊರಿನಲ್ಲಿ ದಿನವೂ ಈ ಕಸುಬು ಮಾಡುವವರು ನಾಲ್ಕೈದು ಮಂದಿ ಇದ್ದರೆ, ಕಮಿಟಿಯೇ ಮುಂದೆ ನಿಂತು ವರ್ಷಕ್ಕೊಮ್ಮೆ ಅವರ ರಕ್ತ ಪರೀಕ್ಷೆ ಮಾಡಿಸಬಹುದು. ವೈದ್ಯಕೀಯ ಶಿಬಿರಗಳಿಗೆ ನಮ್ಮಲ್ಲೇನೂ ಬರ ಇಲ್ಲ. ಸಕ್ಕರೆ, ಬಿ.ಪಿ. ನೋಡುವ ಶಿಬಿರದಲ್ಲಿ ಇದೊಂದು ಸೇರಲಿ.

ಆ ವ್ಯಾಪಾರಿ ಈಗ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದಾರೆ. ಸೊಂಟ ಬಗ್ಗಿಸಲು ಇನ್ನೂ ಕಷ್ಟ. ಮೊನ್ನೆ ಸಿಕ್ಕಾಗ ಹೇಳಿದರು: "ರೋಗ ಬಂದದ್ದಕ್ಕೆ ಬೇಜಾರಿಲ್ಲ ಮಾರಾಯ್ರೆ, ಎಂಟು ತಿಂಗಳು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಅವರು ಹೇಳದೆ ಉಳಿದದ್ದನ್ನು ನೀವು ಹೇಳಿ. ಇನ್ನೊಮ್ಮೆ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಜ್ವರ ಎಷ್ಟು ದಿನದ್ದು ಎನ್ನುವ ಮೊದಲೇ ನಿಮ್ಮ ಕೆಲಸ ಯಾವುದು ಎಂದು ಹೇಳಿಬಿಡಿ.